ಅಪ್ಪ ಕೊಲೆಗಾರ... ಮಗಳು ಯಾರು?

ಫಾರ್ಮುಲಾ ನಿಮಗೆ ಗೊತ್ತಿರೋದೇ. ಒಂದು ಸಣ್ಣ ಊರು. ಅಲ್ಲೊಬ್ಬ ಸಭ್ಯ ಗೃಹಸ್ಥ. ಮಗಳಿಗೆ ಸೈಕಲ್ ಕಲಿಸಿದವನು, ವಾರ ತಪ್ಪದೆ ಚರ್ಚಿಗೆ ಹೋಗುವವನು. ಒಂದು ದಿನ ಬಾಗಿಲಿಗೆ ಪೊಲೀಸರು! ಊರಲ್ಲಿ ವರ್ಷಗಳಿಂದ ಕಾಣೆಯಾದ ಹೆಂಗಸರೆಲ್ಲ ಈ ಮಹಾನುಭಾವನ ಲೆಕ್ಕಕ್ಕೇ ಸೇರಿದವರು. ಅಪ್ಪ ಜೈಲಿಗೆ, ಮಗಳು ಹೆಸರು ಬದಲಾಯಿಸಿಕೊಂಡು ಬೇರೆ ಊರಿಗೆ. ಇಪ್ಪತ್ತು ವರ್ಷ ಕಳೆಯುತ್ತದೆ. ಮತ್ತೆ ಒಬ್ಬಳು ಕಾಣೆ. ಅದೇ ರೀತಿ, ಅದೇ ಗುರುತು. ಅಪ್ಪ ಇನ್ನೂ ಕಂಬಿಯ ಹಿಂದೆಯೇ ಇದ್ದಾನೆ. ಹಾಗಾದರೆ ಮಾಡಿದವನು ಯಾರು? ಊರಿನ ಕಣ್ಣೆಲ್ಲ ಮಗಳ ಮೇಲೆ. ಇಂಟರ್‌ವಲ್!

ಈ ಕಥೆ ಒಂದಲ್ಲ ಒಂದು ವೇಷದಲ್ಲಿ ಬರುತ್ತಲೇ ಇದೆ. ಮುಂದೆಯೂ ಬರುತ್ತದೆ. ಯಾಕೆ ಅಂತೀರಾ? ‘ಕೊಂದವನು ಯಾರು’ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದರೆ ಪಿಕ್ಚರ್ ಮುಗೀತು, ಕುರ್ಚಿ ಬಿಟ್ಟು ಎದ್ದೆವು. ಆದರೆ ‘ಕೊಂದವನು ನಮ್ಮಪ್ಪ, ಈಗ ನಾನೇನು ಮಾಡಲಿ’ ಅನ್ನೋ ಪ್ರಶ್ನೆ ಹಾಗಲ್ಲ. ಆಟ ಬಿಟ್ಟು ಕಡೇ ಬಸ್ಸು ಹತ್ತಿದರೂ ಪಕ್ಕದ ಸೀಟಲ್ಲೇ ಬಂದು ಕೂರುತ್ತದೆ. ಈ ವಾರ ಆ ಪ್ರಶ್ನೆಯ ಸುದ್ದಿ.

ಹಿಚ್‌ಕಾಕ್ ಕೊಟ್ಟ ಉಂಗುರ

ಈ ಜಾತಿಯ ಚಿತ್ರಗಳ ಬೇರು ಹುಡುಕಿದರೆ ನಾನು ಹೋಗಿ ನಿಲ್ಲೋದು 1943ರಲ್ಲಿ. ಹಿಚ್‌ಕಾಕ್ ಸಾಹೇಬರ ‘ಷ್ಯಾಡೋ ಆಫ್ ಎ ಡೌಟ್’. ಅಲ್ಲಿ ಕೊಲೆಗಾರ ಅಪ್ಪನಲ್ಲ, ಸೋದರಮಾವ. ನಮ್ಮ ಕಡೆ ಸೋದರಮಾವ ಅಂದರೆ ಎಂಥ ಸಲಿಗೆ ಅಂತ ಹೇಳಬೇಕೇ? ಅಲ್ಲೂ ಹಾಗೇ. ಹುಡುಗಿಗೆ ಮಾವನ ಹೆಸರನ್ನೇ ಇಟ್ಟಿದ್ದಾರೆ. ಅವನೂ ಚಾರ್ಲಿ, ಇವಳೂ ಚಾರ್ಲಿ. ಮಾವ ಊರಿಗೆ ಬಂದ ಅಂದರೆ ಮನೆಗೆ ಹಬ್ಬ. ಅವನು ಸೊಸೆಗೆ ಒಂದು ಉಂಗುರ ತಂದುಕೊಡುತ್ತಾನೆ. ಅದರ ಒಳಮೈಯಲ್ಲಿ ಯಾರದೋ ಹೆಸರಿನ ಮೊದಲಕ್ಷರಗಳು.

ಮಾವ ಮನೆಗೆ ಬಂದ ಪೇಪರಿನ ಒಂದು ಸುದ್ದಿಯನ್ನು ಹರಿದು ಬಚ್ಚಿಟ್ಟಿದ್ದಾನೆ. ಹುಡುಗಿಗೆ ಅನುಮಾನ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಲೈಬ್ರರಿಗೆ ಓಡಿ ಅದೇ ಪೇಪರು ತೆಗೆದು ಓದುತ್ತಾಳೆ. ಶ್ರೀಮಂತ ವಿಧವೆಯರನ್ನು ಕೊಲ್ಲುತ್ತಿರುವ ಒಬ್ಬನ ಸುದ್ದಿ. ಸತ್ತವಳ ಹೆಸರಿನ ಅಕ್ಷರಗಳೂ ಉಂಗುರದ ಅಕ್ಷರಗಳೂ ಒಂದೇ! ಕಿರುಚಾಟವಿಲ್ಲ, ರಕ್ತವಿಲ್ಲ. ಕ್ಯಾಮೆರಾ ಮೆಲ್ಲಗೆ ಮೇಲಕ್ಕೆ ಹೋಗುತ್ತದೆ, ಹುಡುಗಿ ಆ ದೊಡ್ಡ ಕೋಣೆಯಲ್ಲಿ ಇರುವೆಯ ಹಾಗೆ ಕಾಣುತ್ತಾಳೆ. ತೆರೀಸಾ ರೈಟ್ ಅನ್ನೋ ನಟಿ ಆ ಮುಖದಲ್ಲಿ ಏನೇನು ತೋರಿಸಿದ್ದಾಳೆ, ನೋಡಿಯೇ ತಿಳಿಯಬೇಕು. ಮಾವನಾಗಿ ಜೋಸೆಫ್ ಕಾಟನ್. ನಗುತ್ತಾ ಮಾತಾಡಿದರೂ ಬೆನ್ನಲ್ಲಿ ಚಳಿ.

ಆಮೇಲೆ ಅವಳಿಗೆ ಎರಡು ಕಷ್ಟ. ಪೊಲೀಸರಿಗೆ ಹೇಳಿದರೆ ತಮ್ಮ ಅಂದರೆ ಪ್ರಾಣ ಬಿಡುವ ಅಮ್ಮನ ಎದೆ ಒಡೆಯುತ್ತದೆ. ಹೇಳದಿದ್ದರೆ ಇನ್ಯಾವಳೋ ಸಾಯುತ್ತಾಳೆ. ಅಷ್ಟರಲ್ಲಿ ಮಾವನಿಗೂ ಗೊತ್ತಾಗಿದೆ, ಸೊಸೆಗೆ ಗೊತ್ತಾಗಿದೆ ಅಂತ! ಇಷ್ಟು ಸಾಕು. ಹಳೆಯ ಚಿತ್ರವಾದರೂ ಕ್ಲೈಮ್ಯಾಕ್ಸ್ ಹೇಳಿದರೆ ನೀವು ಸುಮ್ಮನೆ ಬಿಡೋರಲ್ಲ.

ಮರೆವು ಹತ್ತಿದ ಕೊಲೆಗಾರ

ಅಲ್ಲಿಂದ 74 ವರ್ಷ ಮುಂದಕ್ಕೆ ಹಾರಿ, ಕೊರಿಯಾಕ್ಕೆ. 2017ರ ‘ಮೆಮ್ವಾರ್ ಆಫ್ ಎ ಮರ್ಡರರ್’. ಕಿಮ್ ಯಂಗ್-ಹಾ ಬರೆದ ಕಾದಂಬರಿಯಿಂದ ಮಾಡಿದ್ದು. ಇಲ್ಲಿ ಅಪ್ಪ ದನಕರು, ನಾಯಿಗಳಿಗೆ ಮದ್ದು ಕೊಡುವ ಡಾಕ್ಟರು. ಒಂದು ಕಾಲಕ್ಕೆ ಸಾಲು ಸಾಲು ಕೊಲೆ ಮಾಡಿದವನು. ಒಂದು ಕಾರು ಅಪಘಾತದ ನಂತರ ಎಲ್ಲ ಬಿಟ್ಟಿದ್ದಾನೆ, ಯಾರ ಕೈಗೂ ಸಿಕ್ಕಿಲ್ಲ. ಈಗ ಆಲ್ಜೈಮರ್ ಮರೆವಿನ ಕಾಯಿಲೆ. ತಾನು ಊಟ ಮಾಡಿದೆನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಮಗಳು ಜೋಪಾನ ಮಾಡುತ್ತಿದ್ದಾಳೆ, ಅಪ್ಪನ ಹಳೇ ಚರಿತ್ರೆ ಅವಳಿಗೆ ತಿಳಿಯದು.

ಆಗ ಊರ ಸುತ್ತ ಹುಡುಗಿಯರ ಹೆಣಗಳು ಬೀಳತೊಡಗುತ್ತವೆ. ಒಬ್ಬ ಯುವಕನ ಕಾರಿಗೆ ಇವನ ಕಾರು ತಾಗುತ್ತದೆ. ಆ ಕಾರಿನಿಂದ ರಕ್ತ ತೊಟ್ಟಿಕ್ಕುತ್ತಿದೆ. ಕಣ್ಣು ನೋಡಿದ ಕೂಡಲೇ ಅಪ್ಪನಿಗೆ ಗೊತ್ತು, ಇವನು ನಮ್ಮ ಜಾತಿಯವನೇ! ಕೆಲವೇ ದಿನದಲ್ಲಿ ಅದೇ ಯುವಕ ಮಗಳ ಜೊತೆ ಓಡಾಡುತ್ತಾನೆ. ಅಪ್ಪ ಎಚ್ಚರಿಸಬೇಕು, ಆದರೆ ನೆನಪು ಉಳಿಯುವುದಿಲ್ಲ. ಪುಟ್ಟ ರೆಕಾರ್ಡರಿನಲ್ಲಿ ತನ್ನ ಮಾತನ್ನು ತಾನೇ ತುಂಬಿಕೊಂಡು ಕೇಳುತ್ತಾನೆ. ಇನ್ನೊಂದು ಅನುಮಾನ ಬೇರೆ... ಹೊಸ ಕೊಲೆಗಳನ್ನು ನಾನೇ ಮಾಡಿ ಮರೆತಿದ್ದೇನೆಯೇ?

ಅಪ್ಪನಾಗಿ ಸೋಲ್ ಕ್ಯುಂಗ್-ಗು. ಮರೆವು ಬರುವಾಗ ಕೆನ್ನೆ ಅದುರುವ ಒಂದು ಚಿಕ್ಕ ಅಭಿನಯ ಇದೆ ನೋಡಿ, ಅದಕ್ಕೇ ಟಿಕೆಟ್ ದುಡ್ಡು ವಸೂಲು. ಈ ಚಿತ್ರಕ್ಕೆ ಕೊನೆ ಬೇರೆ ಇರುವ ಇನ್ನೊಂದು ಆವೃತ್ತಿಯೂ ಇದೆ, ಎರಡನ್ನೂ ನೋಡಿ ಜಗಳ ಆಡಿಕೊಳ್ಳಿ. ನನ್ನ ತಕರಾರು ಒಂದೇ. ಮಗಳ ಪಾತ್ರ ಪಾಪದ ಗೊಂಬೆ. ಅವಳನ್ನು ಉಳಿಸಲು ಇಬ್ಬರು ಗಂಡಸರು ಹೊಡೆದಾಡುತ್ತಾರೆ, ಅವಳ ತಲೆಯೊಳಗೆ ಏನಾಗುತ್ತಿದೆ ಅಂತ ನಿರ್ದೇಶಕರು ಹೆಚ್ಚು ಕೇಳಿಲ್ಲ.

2024ರಲ್ಲಿ ಮನೋಜ್ ನೈಟ್ ಶ್ಯಾಮಲನ್ ‘ಟ್ರ್ಯಾಪ್’ ಮಾಡಿದರು. ಅಪ್ಪ ಮಗಳನ್ನು ಸಂಗೀತ ಕಚೇರಿಗೆ ಕರೆದುಕೊಂಡು ಹೋಗುತ್ತಾನೆ, ನೋಡಿದರೆ ಅವನನ್ನು ಹಿಡಿಯಲೆಂದೇ ಪೊಲೀಸರು ಆ ಕಚೇರಿಯನ್ನೇ ಬೋನು ಮಾಡಿದ್ದಾರೆ. ಐಡಿಯಾ ಭರ್ಜರಿ. ಆದರೆ ಅಲ್ಲೂ ನಾವು ಬೆವರು ಒರೆಸಿಕೊಳ್ಳೋದು ಕೊಲೆಗಾರ ಅಪ್ಪ ತಪ್ಪಿಸಿಕೊಳ್ಳಲಿ ಅಂತಲೇ! ಮಗಳು ಹಾಡಿಗೆ ಕುಣಿಯುತ್ತಿರುತ್ತಾಳೆ.

ಇದು ಸಿನಿಮಾ ಅಲ್ಲ ಸ್ವಾಮಿ

ಈಗ ನಿಜವಾದ ಮಗಳೊಬ್ಬಳ ಮಾತಿಗೆ ಬರೋಣ. ಅಮೆರಿಕದ ಕ್ಯಾನ್ಸಸ್ ರಾಜ್ಯ, ವಿಚಿಟಾ ನಗರ. 1974ರಿಂದ 1991ರವರೆಗೆ ಅಲ್ಲಿ 10 ಜನರನ್ನು ಕೊಂದವನು ಡೆನಿಸ್ ರೇಡರ್. ಪತ್ರಿಕೆಗೆ, ಟಿವಿಗೆ ತಾನೇ ಕಾಗದ ಬರೆದು ‘ಬಿಟಿಕೆ’ ಅಂತ ತನಗೆ ತಾನೇ ಬಿರುದು ಕೊಟ್ಟುಕೊಂಡ. ಹಗಲು ಹೊತ್ತು ಏನು ಕೆಲಸ ಗೊತ್ತೇ? ಮನೆಗಳಿಗೆ ಕಳ್ಳರು ಬಾರದಂತೆ ಅಲಾರಂ ಹಾಕುವ ಕಂಪನಿಯಲ್ಲಿ ಹಲವು ವರ್ಷ ನೌಕರಿ! ಆಮೇಲೆ ಚರ್ಚಿನ ಮಂಡಳಿಗೆ ಅಧ್ಯಕ್ಷ. 1985ರಲ್ಲಿ ಕೊಂದದ್ದು ತನ್ನದೇ ಬೀದಿಯ ಹೆಂಗಸನ್ನು. ಆ ರಾತ್ರಿ ಮಗನ ಸ್ಕೌಟ್ ಶಿಬಿರದಲ್ಲಿದ್ದವನು ನಡುವೆ ನುಸುಳಿಕೊಂಡು ಬಂದು ಕೆಲಸ ಮುಗಿಸಿದ್ದ.

ಸಿಕ್ಕಿಬಿದ್ದ ರೀತಿ ಕೇಳಿ. 2004ರಲ್ಲಿ ಮತ್ತೆ ಕಾಗದ ಬರೆಯಲು ಶುರು ಮಾಡಿದ. ಫ್ಲಾಪಿ ಕಳಿಸಿದರೆ ನನ್ನನ್ನು ಪತ್ತೆ ಹಚ್ಚಬಹುದೇ ಅಂತ ಪೊಲೀಸರನ್ನೇ ಕೇಳಿದ! ಪೊಲೀಸರು ಪೇಪರಿನ ವರ್ಗೀಕೃತ ಜಾಹೀರಾತಿನಲ್ಲಿ ಪರವಾಗಿಲ್ಲ ಅಂತ ಉತ್ತರ ಹಾಕಿಸಿದರು. ಆಸಾಮಿ ನಂಬಿ ಕಳಿಸಿಬಿಟ್ಟ. ಫ್ಲಾಪಿಯೊಳಗೆ ಅಳಿಸಿಹೋಗದ ಎರಡು ಗುರುತು ಇತ್ತು. ಒಂದು ಚರ್ಚಿನ ಹೆಸರು, ಇನ್ನೊಂದು ‘ಡೆನಿಸ್’.

ಆದರೆ ಹೆಸರೊಂದೇ ಸಾಲದಲ್ಲ. ರಕ್ತದ ಸಾಕ್ಷಿ ಬೇಕು. ಪೊಲೀಸರು ಹೋಗಿದ್ದು ಮಗಳ ಹತ್ತಿರಕ್ಕೆ, ಅದೂ ಅವಳಿಗೆ ತಿಳಿಸದೆ. ಅವಳು ಓದುತ್ತಿದ್ದ ವಿಶ್ವವಿದ್ಯಾಲಯದ ದವಾಖಾನೆಯಲ್ಲಿ ಹಿಂದೆ ಕೊಟ್ಟಿದ್ದ ಪರೀಕ್ಷೆಯ ಸ್ಯಾಂಪಲ್ಲನ್ನು ಕೋರ್ಟಿನ ಅಪ್ಪಣೆ ಪಡೆದು ತೆಗೆಸಿ, ಡಿಎನ್‌ಎ ತಾಳೆ ನೋಡಿದರು. ಕೊಲೆಯಾದ ಜಾಗದಲ್ಲಿ ಸಿಕ್ಕಿದ್ದು ಇವಳ ಅಪ್ಪನದೇ ಅಂತ ಖಾತ್ರಿಯಾಯಿತು. 2005ರ ಫೆಬ್ರವರಿ 25ರಂದು ಬಂಧನ. ಅದೇ ದಿನ ದೂರದ ಮಿಷಿಗನ್‌ನಲ್ಲಿದ್ದ 26 ವರ್ಷದ ಮಗಳು ಕೆರಿ ರಾಸನ್ ಮನೆ ಬಾಗಿಲಿಗೆ ಎಫ್‌ಬಿಐ ಅಧಿಕಾರಿ ಬಂದು ಸುದ್ದಿ ಹೇಳಿದ. ಆ ಕ್ಷಣದವರೆಗೆ ಅಪ್ಪ, ಮರುಕ್ಷಣಕ್ಕೆ ಬಿಟಿಕೆ. ತನ್ನ ದೇಹದ ಅಂಶವೇ ಅಪ್ಪನ ಕೈಗೆ ಬೇಡಿ ಹಾಕಿದೆ ಅನ್ನೋದು ಅವಳಿಗೆ ತಿಳಿದದ್ದು ಆಮೇಲೆ. ಯಾವ ಕಥೆಗಾರ ಈ ಸೀನು ಬರೆದಾನು?

ರೇಡರ್‌ಗೆ 10 ಜೀವಾವಧಿ ಶಿಕ್ಷೆ, ಒಂದಾದ ಮೇಲೆ ಒಂದು. ಆ ಕೊಲೆಗಳು ನಡೆದ ಕಾಲಕ್ಕೆ ಕ್ಯಾನ್ಸಸ್‌ನಲ್ಲಿ ಗಲ್ಲು ಇರಲಿಲ್ಲ.

ಮತ್ತೆ ತೆರೆದ ಕಾಣೆ ಕಡತ

ಫಾರ್ಮುಲಾದ ಎರಡನೇ ಅರ್ಧವೂ ಇವಳ ಬಾಳಿನಲ್ಲಿ ಬಂತು. ಪಕ್ಕದ ಓಕ್ಲಹೋಮ ರಾಜ್ಯದಲ್ಲಿ 1976ರಲ್ಲಿ 16 ವರ್ಷದ ಹುಡುಗಿಯೊಬ್ಬಳು ಬಟ್ಟೆ ಒಗೆಯುವ ಅಂಗಡಿಯಿಂದ ಕಾಣೆಯಾಗಿದ್ದಳು. 2023ರಲ್ಲಿ ಅಲ್ಲಿನ ಶೆರಿಫ್, ಇದರಲ್ಲಿ ರೇಡರನ ಕೈ ಇರಬಹುದು ಅಂತ ಹೇಳಿ ಅವನ ಹಳೇ ಮನೆ ಇದ್ದ ಜಾಗವನ್ನು ಅಗೆಸಿದರು. ಅವನ ಹಳೇ ಬರಹಗಳ ಅರ್ಥ ಬಿಡಿಸಲು ಯಾರು ಬೇಕು? ಮನೆಯೊಳಗಿನ ಮಾತು, ಊರು, ರಜಾ ದಿನದ ಪ್ರಯಾಣ ಬಲ್ಲವರು ಬೇಕು. ಮಗಳು ಮುಂದೆ ಬಂದಳು. ತನಿಖೆಗೆ ನೆರವಾದಳು, ಬಹಳ ವರ್ಷಗಳ ನಂತರ ಜೈಲಿಗೆ ಹೋಗಿ ಅಪ್ಪನ ಎದುರು ಕೂತಳು. ಅಪ್ಪ ನಾನಲ್ಲ ಅಂದ. ಮೊಕದ್ದಮೆ ಹೂಡುವಷ್ಟು ಸಾಕ್ಷಿ ಇಲ್ಲ ಅಂತ ಸರಕಾರಿ ವಕೀಲರು ಆಗ ಹೇಳಿದರು. ಪರದೆಯ ಮೇಲಾದರೆ ಹತ್ತು ನಿಮಿಷದಲ್ಲಿ ಹೆಣ ಸಿಗುತ್ತಿತ್ತು, ಮಗಳು ಅಪ್ಪನ ಕೆನ್ನೆಗೆ ಬಾರಿಸುತ್ತಿದ್ದಳು, ನಾವು ಶಿಳ್ಳೆ ಹೊಡೆಯುತ್ತಿದ್ದೆವು.

ಇಲ್ಲೊಂದು ಮಾತು ಗಮನಿಸಿ. ಸ್ಟೀಫನ್ ಕಿಂಗ್ ಗೊತ್ತಲ್ಲ, ದೆವ್ವದ ಕಥೆಗಳ ದೊರೆ. ಬಿಟಿಕೆ ಪ್ರಕರಣದಿಂದ ಎಳೆ ತೆಗೆದುಕೊಂಡು ಒಂದು ಕಥೆ ಬರೆದರು, 2014ರಲ್ಲಿ ಅದು ‘ಎ ಗುಡ್ ಮ್ಯಾರೇಜ್’ ಅಂತ ಚಿತ್ರವಾಯಿತು. ಅದುವರೆಗೆ ಸುಮ್ಮನಿದ್ದ ಕೆರಿ ರಾಸನ್ ಆಗ ಬಾಯಿ ಬಿಟ್ಟಳು. ಸತ್ತ ಹತ್ತು ಜನರ ಮನೆಯವರ ನೋವಿನಿಂದ ದುಡ್ಡು ಮಾಡುತ್ತಿದ್ದಾರೆ ಅಂತ ಬಹಿರಂಗವಾಗಿ ಆಕ್ಷೇಪಿಸಿದಳು. 2019ರಲ್ಲಿ ತನ್ನ ಕಥೆಯನ್ನು ತಾನೇ ಪುಸ್ತಕ ಮಾಡಿದಳು.

ಇನ್ನೊಬ್ಬ ಮಗಳು ಬೇರೆ ದಾರಿ ಹಿಡಿದಳು. ಮೆಲಿಸಾ ಮೂರ್. ಅಪ್ಪ ಕೀತ್ ಜೆಸ್ಪರ್ಸನ್, ಲಾರಿ ಡ್ರೈವರು, 1990ರಿಂದ 1995ರೊಳಗೆ ಕನಿಷ್ಠ 8 ಹೆಂಗಸರನ್ನು ಕೊಂದವನು. ಮೊದಲ ಕೊಲೆಗೆ ಪೊಲೀಸರು ಬೇರೆ ಇಬ್ಬರನ್ನು ಜೈಲಿಗೆ ಹಾಕಿದಾಗ, ಕೀರ್ತಿ ತನಗೆ ಬರಲಿಲ್ಲ ಅಂತ ಹೊಟ್ಟೆ ಉರಿದು ಶೌಚಾಲಯದ ಗೋಡೆ ಮೇಲೆ ತಪ್ಪೊಪ್ಪಿಗೆ ಬರೆದು ನಗುಮುಖ ಗೀಚಿದ ಭೂಪ! ಆ ಇಬ್ಬರು ಬಿಡುಗಡೆಯಾದದ್ದು 1995ರ ನವೆಂಬರಿನಲ್ಲಿ. ಆಗ ಮಗಳು ಹದಿಹರೆಯದವಳು. ದೊಡ್ಡವಳಾಗಿ ಪುಸ್ತಕ ಬರೆದಳು, ಅಪ್ಪ ಕೊಂದವರ ಮನೆಯವರ ಜೊತೆ ಮಾತಾಡಿದಳು. 2025ರಲ್ಲಿ ಬಂದ ‘ಹ್ಯಾಪಿ ಫೇಸ್’ ಸರಣಿ ಅವಳದೇ ಕಥೆಯಿಂದ ಹುಟ್ಟಿದ್ದು, ನಿರ್ಮಾಣದಲ್ಲೂ ಅವಳ ಪಾಲಿದೆ. ಅಪ್ಪನಾಗಿ ಡೆನಿಸ್ ಕ್ವೇಡ್, ಮಗಳಾಗಿ ಆನಲೀ ಆಷ್‌ಫರ್ಡ್. ಅಪ್ಪ ಜೈಲಿನಿಂದ ಹೇಳುತ್ತಾನೆ, ಇನ್ನೂ ಒಂದು ಕೊಲೆ ನನ್ನದೇ ಇದೆ ಅಂತ. ಆ ಕೊಲೆಗೆ ಒಬ್ಬ ನಿರಪರಾಧಿ ಮರಣದಂಡನೆ ಎದುರು ನೋಡುತ್ತಿದ್ದಾನೆ. ಮಾತಾಡಿದರೆ ಅಪ್ಪನ ಬಲೆ, ಮಾತಾಡದಿದ್ದರೆ ಒಂದು ಪ್ರಾಣ. ಕಥೆಯಲ್ಲಿ ಕಲ್ಪನೆ ಸಾಕಷ್ಟು ಬೆರೆತಿದೆ, ಆದರೆ ಕ್ಯಾಮೆರಾ ಮಗಳನ್ನು ಬಿಟ್ಟು ಓಡುವುದಿಲ್ಲ. ನನಗೆ ಮೆಚ್ಚಿಗೆಯಾದದ್ದು ಅದೇ.

ಶಿಳ್ಳೆ ಯಾರಿಗೆ?

ನಮ್ಮಲ್ಲಿ ಪುಟ್ಟಣ್ಣನವರು 1971ರಲ್ಲೇ ‘ಶರಪಂಜರ’ದಲ್ಲಿ ಒಂದು ಸಂಗತಿ ತೋರಿಸಿದ್ದರು. ಅಲ್ಲಿ ಕೊಲೆಯೂ ಇಲ್ಲ, ಪೊಲೀಸೂ ಇಲ್ಲ. ಕಾಯಿಲೆ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರ ನೋಟವೇ ಮತ್ತೆ ಹುಚ್ಚಿ ಮಾಡುತ್ತದೆ. ಕಲ್ಪನಾ ಆ ನೋಟಗಳ ನಡುವೆ ನಿಂತ ರೀತಿ ನೆನಪಿದೆಯಲ್ಲ? ಕೊಲೆಗಾರನ ಮಗಳ ಪಾಡೂ ಅದೇ. ಅವಳು ಕೋಪ ಮಾಡಿಕೊಂಡರೆ ‘ಅಪ್ಪನ ಗುಣ’. ಸುಮ್ಮನಿದ್ದರೆ ‘ಏನೋ ಮುಚ್ಚಿಡುತ್ತಿದ್ದಾಳೆ’. ನಕ್ಕರೆ ‘ನಾಚಿಕೆ ಇಲ್ಲ’. ಕೊಂದವನಿಗೆ ಕೋರ್ಟು ಲೆಕ್ಕ ಹಾಕಿ ಶಿಕ್ಷೆ ಕೊಡುತ್ತದೆ. ಮಗಳಿಗೆ ಊರು ಕೊಡುವ ಶಿಕ್ಷೆಗೆ ಲೆಕ್ಕವೇ ಇಲ್ಲ.

ಹಾಗಾಗಿ ತಮ್ಮಂದಿರೇ, ಇನ್ನು ಮುಂದೆ ಇಂಥ ಪಿಕ್ಚರ್ ನೋಡುವಾಗ ಒಂದು ಕೆಲಸ ಮಾಡಿ. ಪೋಸ್ಟರಿನಲ್ಲಿ ದೊಡ್ಡದಾಗಿ ಯಾರ ಮುಖ ಇದೆ ನೋಡಿ. ಕೊಲೆಗಾರನ ಎಂಟ್ರಿಗೆ ಡೋಲು ಬಡಿದು, ಮಗಳನ್ನು ಕಿರುಚಲು ಮಾತ್ರ ಇಟ್ಟುಕೊಂಡಿದ್ದರೆ ಆ ನಿರ್ದೇಶಕನಿಗೆ ನಿಮ್ಮ ಶಿಳ್ಳೆ ದಂಡ ಮಾಡಬೇಡಿ. ಮಗಳು ಬಾಗಿಲು ತೆರೆದಾಗ, ಉಂಗುರ ತಿರುಗಿಸಿ ನೋಡಿದಾಗ, ಜೈಲಿನ ಗಾಜಿನಾಚೆ ಕೂತ ಅಪ್ಪನನ್ನು ‘ಅಪ್ಪಾ’ ಅನ್ನಬೇಕೋ ಬೇಡವೋ ಅಂತ ಬಾಯಿ ತೆರೆದು ಮುಚ್ಚಿದಾಗ ನಿಮ್ಮ ಎದೆ ಹೊಡೆದುಕೊಂಡರೆ, ಅದು ಥ್ರಿಲ್ಲರ್.

ಇನ್ನೊಂದು ಮಾತು, ಸಿನಿಮಾದ ಹೊರಗಿನದು. ನಿಮ್ಮ ಊರಲ್ಲೂ ಯಾರದೋ ಅಪ್ಪ ಏನೋ ಮಾಡಿ ಜೈಲಿಗೆ ಹೋಗಿರಬಹುದು. ಆ ಮನೆಯ ಹುಡುಗಿ ಬೆಳಗಿನ ಬಸ್ಸಿಗೆ ನಿಮ್ಮ ಪಕ್ಕದಲ್ಲೇ ನಿಂತಿರಬಹುದು. ಅವಳನ್ನು ನೋಡಿ ಮೊಣಕೈಯಲ್ಲಿ ಗೆಳೆಯನನ್ನು ತಿವಿಯಬೇಡಿ. ಜಾಗ ಬಿಡಿ, ಬಸ್ಸು ಹತ್ತಲಿ.

ಮುಂದಿನ ವಾರ: ರೈಲಿನೊಳಗೆ ಕೊಲೆ ಮಾಡಿಸಿದ ನಿರ್ದೇಶಕರು! ಅಲ್ಲಿಯವರೆಗೆ ನಮಸ್ಕಾರ.