ಗೆದ್ದದ್ದು ಎಂಜಿನ್ನೋ, ಲ್ಯಾಪ್‌ಟಾಪೋ?

ಚೆಸ್ ಎಂಜಿನ್‌ಗಳಲ್ಲಿ ಯಾವುದು ಜೋರು ಎಂಬ ವಾದ ನಮ್ಮ ಹಾಸ್ಟೆಲ್‌ನಲ್ಲಿ ಮುಗಿಯೋದೇ ಇಲ್ಲ. ಒಬ್ಬರು ಸ್ಟಾಕ್‌ಫಿಶ್ ಅಂತಾರ, ಇನ್ನೊಬ್ಬರು ಲೀಲಾ. ಆದರೆ ಸ್ಟಾಕ್‌ಫಿಶ್ ಸಾದಾ ಪ್ರೊಸೆಸರ್ ಮೇಲೇ ಓಡ್ತದ, ಲೀಲಾಗೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇದ್ದರೇನೇ ಬಲ. ಹಾಗಾಗಿ ಯಾವ ಯಂತ್ರದ ಮೇಲೆ ಆಡಿಸಿದ್ರಿ ಅಂತ ಮೊದಲು ಕೇಳಬೇಕು ಅನ್ನೋದು ನಮ್ಮ ವಾದ.

2017ರ ಡಿಸೆಂಬರ್‌ನಲ್ಲಿ ಸುದ್ದಿಯಾದ ಪಂದ್ಯ ನೋಡ್ರಿ. 100 ಆಟಗಳಲ್ಲಿ ಆಲ್ಫಾಝೀರೋ ಸ್ಟಾಕ್‌ಫಿಶ್ 8ರ ವಿರುದ್ಧ 28 ಗೆದ್ದಿತು, 72 ಡ್ರಾ, ಒಂದೂ ಸೋಲಿಲ್ಲ. ಆದರೆ ಆಲ್ಫಾಝೀರೋ ಓಡಿದ್ದು ಗೂಗಲ್‌ನ 4 ಟಿಪಿಯುಗಳ ಮೇಲೆ. ಸ್ಟಾಕ್‌ಫಿಶ್‌ಗೆ ಕೊಟ್ಟ ಹ್ಯಾಶ್ ಮೆಮೊರಿ ಬರೀ 1 ಜಿಬಿ, ಪ್ರತಿ ನಡೆಗೂ 1 ನಿಮಿಷದ ಕಟ್ಟು. ತಕರಾರು ಎದ್ದಿತು. 2018ರಲ್ಲಿ ಬದಲಾದ ಷರತ್ತಿನ 1000 ಆಟಗಳ ಫಲಿತಾಂಶ ಬಂತು: ಆಲ್ಫಾಝೀರೋ 155 ಗೆದ್ದು 6 ಸೋತಿತ್ತು, ಉಳಿದದ್ದೆಲ್ಲ ಡ್ರಾ. ಗೆಲುವು ಉಳೀತು, ಅಂತರ ಕುಗ್ಗಿತು.

ನಾಳೆ ನಾವೇ ಎಂಜಿನ್ ಬರೆದು ಸ್ಪರ್ಧೆ ಇಟ್ಟರೆ? ಬೀದರಿನವರ ಹೊಸ ಲ್ಯಾಪ್‌ಟಾಪ್ ಒಂದು ಕಡೆ, ಭಾಲ್ಕಿ, ಔರಾದ್‌ದಿಂದ ಬಸ್ಸಿನಾಗ ಬರೋರು ಅಣ್ಣನಿಂದ ಪಡೆದ ಹಳೇದು ಇನ್ನೊಂದು ಕಡೆ. ಅಲ್ಲಿ ಸೋಲೋದು ಕೋಡ್ ಅಲ್ಲ, ಮನೆಯವರ ಜೇಬು. ಆದ್ದರಿಂದ ಎಲ್ಲರ ಎಂಜಿನ್ನೂ ಲ್ಯಾಬಿನ ಒಂದೇ ಕಂಪ್ಯೂಟರ್ ಮೇಲೆ, ಸಮನಾದ ಸಮಯಕ್ಕೆ ಆಡಲಿ. ಟಿಸಿಇಸಿ ಸ್ಪರ್ಧೆಯಲ್ಲಿ ಮಾಡೋ ಹಾಗೆ ಒಂದೇ ಓಪನಿಂಗನ್ನು ಬಿಳಿ-ಕಪ್ಪು ಅದಲುಬದಲು ಮಾಡಿ ಆಡಿಸೋಣ. ಆಮೇಲೆ ಯಾರು ಜೋರು ಅಂತ ಬೇಕಾದಷ್ಟು ಜಗಳಾಡೋಣ.