ಬಜಾರಿಲ್ಲದ ಬಜಾರು

ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗಿನ ಬೀದಿಗೆ ಈಗಲೂ ಹಂಪಿ ಬಜಾರು ಎಂದೇ ಹೆಸರು. ಈಚೆಗೆ ಹೊಸಪೇಟೆಯಿಂದ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಬೀದಿಯ ನಡುವೆ ನಿಂತು ಒಬ್ಬಳು ಕೇಳಿದಳು: ‘ಸರ್, ಬಜಾರು ಎಲ್ಲಿ?’

ಅವಳಿಗೆ 2011ರ ಜುಲೈ ಗೊತ್ತಿರಲಿಲ್ಲ. ಆ ತಿಂಗಳ ಕೊನೆಗೆ ಜೆಸಿಬಿಗಳು ಬಂದವು. ಸಾಲುಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಬಾಳುತ್ತಿದ್ದ ನೂರಾರು ಕುಟುಂಬಗಳ ಮನೆ, ಅಂಗಡಿ, ಖಾನಾವಳಿ ಮಣ್ಣಾದವು. ಒಗ್ಗಾಣಿ-ಮಿರ್ಚಿ ತಿಂದು, ಕೈ ಒರೆಸಿಕೊಂಡು, ಪಕ್ಕದಂಗಡಿಯಲ್ಲಿ ಹಳೆ ಪುಸ್ತಕ ಕೆದಕುತ್ತಿದ್ದ ನನ್ನಂಥವರಿಗೆ ಒಂದು ಸಂಜೆ ಕಳೆದುಹೋಯಿತು, ಅಷ್ಟೆ. ಅಲ್ಲಿದ್ದವರಿಗೆ ಊರೇ ಹೋಯಿತು.

ಪರಂಪರೆ ಉಳಿಸಲು ಹೀಗೆ ಮಾಡಬೇಕಾಯಿತು ಎನ್ನುತ್ತಾರೆ. ಯಾವ ಪರಂಪರೆ? 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಗುಡಿಯ ಮುಂದಿನ ಬೀದಿಯಲ್ಲಿ ಕಂಡದ್ದು ಚೆಂದದ ಮನೆಗಳನ್ನು, ಯಾತ್ರಿಕರು ತಂಗುವ ಪಡಸಾಲೆಗಳನ್ನು. ಅಂದರೆ ಜನ ಉಂಡು ಮಲಗುತ್ತಿದ್ದ ಬೀದಿ ಇದು. ಆ ನಗರದ ಜನರಾದರೂ ಒಂದೇ ಕುಲದವರೆ? 1385ರ ಗಾಣಗಿತ್ತಿ ಬಸದಿ ಜೈನ ದಂಡನಾಯಕ ಇರುಗಪ್ಪನದು. 1439ರಲ್ಲಿ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ, ನೋಡಲು ಥೇಟ್ ಮಂಟಪ. ಎಲ್ಲಿಂದಲೋ ಬಂದವರು ಸೇರಿಯೇ ಪೇಟೆಯಾಗುವುದು. ನಮ್ಮ ಹೊಸಪೇಟೆಯೂ ಕೃಷ್ಣದೇವರಾಯ ನಾಗಲಾಪುರವೆಂದು ಹೊಸದಾಗಿ ಕಟ್ಟಿಸಿದ ಊರೇ.

2011ರಲ್ಲಿ ಎದ್ದು ಹೋದವರೆಲ್ಲ ವಿಜಯನಗರ ಕಾಲದವರ ಮೊಮ್ಮಕ್ಕಳೆಂದು ನಾನು ವಾದಿಸುವುದಿಲ್ಲ. 1565ರ ನಂತರ ಹಾಳುಬಿದ್ದ ಬೀದಿಗೆ ಹೊಟ್ಟೆಪಾಡಿಗಾಗಿ ಬಂದವರೇ ಹೆಚ್ಚು. ಕಂಬಕ್ಕೆ ಸಿಮೆಂಟು ಮೆತ್ತಿದ್ದೂ ಕಲ್ಲಿಗೆ ಮೊಳೆ ಹೊಡೆದದ್ದೂ ನಿಜ, ಅದು ತಪ್ಪೇ. ಆದರೆ ಸಿಮೆಂಟು ಕೆರೆಯಲು ಮನುಷ್ಯರನ್ನು ಎಬ್ಬಿಸಬೇಕಿತ್ತೆ? ಗುಡಿಯಲ್ಲಿ ಇಂದೂ ಪೂಜೆ ನಡೆಯುತ್ತದೆ. ಅದನ್ನು ಜೀವಂತ ಪರಂಪರೆ ಎಂದು ಭಾಷಣಗಳಲ್ಲಿ ಕೊಂಡಾಡುತ್ತೇವೆ. ಗುಡಿಯೊಳಗಿನ ಮಂಗಳಾರತಿ ಜೀವಂತ, ಹೊರಗೆ ಹೂ-ಕಾಯಿ ಮಾರುವವಳು ಒತ್ತುವರಿದಾರಳು! ಈ ಲೆಕ್ಕ ನನಗಂತೂ ತಿಳಿಯದು.

ಎಬ್ಬಿಸಿದವರಿಗೆ ಜಾಗ ತೋರಿಸಿದ್ದು ಹೊಸಪೇಟೆ ರಸ್ತೆಯ ಕಡ್ಡಿರಾಂಪುರದಲ್ಲಿ. ಅಲ್ಲಿಯೂ ವಿಜಯನಗರ ಕಾಲದ ಗೋರಿಗಳಿವೆ. ಹಂಪಿಯ ಸುತ್ತ ಸ್ಮಾರಕವಿಲ್ಲದ ಜಾಗ ಹುಡುಕುವುದು ಕಷ್ಟ ನೋಡಿ!

ನಾನು ಕೇಳುವುದು ದೊಡ್ಡದೇನಲ್ಲ. ಕಲ್ಲಿಗೆ ಧಕ್ಕೆಯಾಗದ ಷರತ್ತಿನಲ್ಲಿ ಹಳಬರಿಗೆ ಹಗಲಂಗಡಿಗಳನ್ನಾದರೂ ಕೊಡಿ. ಅವರಲ್ಲಿ ವಯಸ್ಸಾದವರು ಇರುವಾಗಲೇ ಯಾವ ಕಂಬದ ಸಾಲಿನಲ್ಲಿ ಯಾರಿದ್ದರೆಂದು ಕೇಳಿ ಬರೆದಿಡಿ. ಗೈಡುಗಳು 1565ರ ಕಥೆ ಹೇಳುವಾಗ 2011ರದ್ದನ್ನೂ ಹೇಳಲಿ.

ಅವಳ ಪ್ರಶ್ನೆಗೆ ನಾನು ಅಂದು ಕಂಬವೊಂದರ ಮೇಲೆ ಉಳಿದಿದ್ದ ಸುಣ್ಣದ ಗೆರೆ ತೋರಿಸಿದೆ. ‘ಇಲ್ಲಿ ಯಾರದೋ ಅಡಿಗೆಮನೆ ಇತ್ತು’ ಎಂದೆ. ಆಕೆ ಅದರ ಫೋಟೊ ತೆಗೆದುಕೊಂಡಳು.