ಜೊತೆಗಾರರಿದ್ದರೆ ಸಾಕೇ?

ಗೆಳೆಯರ ಜೊತೆ ಹೋಗುತ್ತೇನೆಂದರೆ ಮನೆಯವರು ಅರ್ಧ ಒಪ್ಪಿದಂತೆಯೇ. ಒಬ್ಬನಿಗೆ ಏನಾದರೂ ಆದರೆ ಉಳಿದವರು ನೋಡಿಕೊಳ್ಳುತ್ತಾರೆಂಬ ಧೈರ್ಯ. ಚಾರಣದ ಮಟ್ಟಿಗೆ ಈ ನಂಬಿಕೆ ಬಹುಪಾಲು ಸರಿ. ಅಪಾಯ ಹೆಚ್ಚಿದಂತೆಲ್ಲ ಅದನ್ನು ಅನುಮಾನಿಸಬೇಕಾಗುತ್ತದೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಎಲಿಸನ್ಸ್ ಗುಹೆಯನ್ನೇ ನೋಡಿ. ಪಿಜನ್ ಬೆಟ್ಟದ ಒಡಲಲ್ಲಿರುವ ಈ ಸುಣ್ಣಕಲ್ಲಿನ ಗುಹೆಯೊಳಗೆ ‘ಫೆಂಟಾಸ್ಟಿಕ್’ ಎಂಬ ಕೂಪವಿದೆ. ಆಳ 586 ಅಡಿ. ಗೋಳಗುಮ್ಮಟದಂಥ ಎರಡು ಕಟ್ಟಡಗಳನ್ನು ಒಂದರ ಮೇಲೊಂದು ಇಟ್ಟರೂ ಬಾಯಿಗೆ ಎಟುಕದು. ಚಳಿಗಾಲದಲ್ಲಿ ಬೆಟ್ಟದಲ್ಲಿ ಟೆಂಟ್ ಹಾಕಿ ಮಲಗೆದ್ದವರಿಗೆ 13 ಡಿಗ್ರಿ ಆಸುಪಾಸಿನ ಗುಹೆ ಬೆಚ್ಚಗೆನಿಸುತ್ತದೆ. ಮೋಸ ಇರುವುದೇ ಅಲ್ಲಿ. ಮೇಲಿಂದ ಸುರಿಯುವ ನೀರಿಗೆ ಮೈ ನೆನೆದರೆ ಅದೇ 13 ಡಿಗ್ರಿ ಪ್ರಾಣ ತೆಗೆಯಬಲ್ಲದು.

ರಾಮನಗರದ ಬಂಡೆಯಲ್ಲಿ ರ‍್ಯಾಪಲಿಂಗ್ ಮಾಡಿದವರು ಕೆಳಗಿಳಿದು, ಹಗ್ಗ ಬಿಚ್ಚಿ, ಚಹಾ ಕುಡಿಯಲು ನಡೆಯುತ್ತಾರೆ. ಇಂಥ ಕೂಪದಲ್ಲಿ ಇಳಿದ ಹಗ್ಗವನ್ನೇ ಹತ್ತಿ ಬರಬೇಕು. ಇಳಿಯುವುದೂ ಸುಲಭವಲ್ಲ. ಅಂಚಿನಲ್ಲಿ ಕೆಳಗೆ ತೂಗುವ ಅಷ್ಟೂ ಹಗ್ಗದ ಭಾರಕ್ಕೆ, ಅದನ್ನು ಅಡ್ಡ ಸರಳುಗಳ ನಡುವೆ ಹಾಯಿಸುವ ಸೊಂಟದ ರ‍್ಯಾಕ್ ಬಿಗಿದುಕೊಳ್ಳುತ್ತದೆ. ಹಗ್ಗವನ್ನು ಕೈಯಿಂದ ಎತ್ತಿ ಎತ್ತಿ ಒಳಗೆ ತೂರಿಸಬೇಕು. ಇಳಿದಂತೆ ಭಾರ ಕಡಿಮೆಯಾಗಿ ವೇಗ ತಾನಾಗಿ ಏರುತ್ತದೆ. ಆಗ ಇನ್ನೊಂದು ಸರಳನ್ನು ಸೇರಿಸಿ ತಡೆಯದಿದ್ದರೆ ಘರ್ಷಣೆಯ ಬಿಸಿಗೆ ನೈಲಾನ್ ಎಳೆಯೇ ಕರಗಬಹುದು. ಹತ್ತುವಾಗ ಒಬ್ಬ ನಿಧಾನವಾದರೆ ತಳದಲ್ಲಿ ಉಳಿದವರು ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕಾಯಬೇಕು.

ಇಂಥ ಕಡೆ ಗೆಳೆತನ ಎರಡು ಬಗೆಯಲ್ಲಿ ತೊಡಕಾಗುತ್ತದೆ. ಒಂದು, ದೂರದಿಂದ ಬಂದ ತಂಡದ ಎದುರು ‘ನನ್ನ ಕೈಲಾಗದು’ ಎನ್ನಲು ನಾಲಿಗೆ ಏಳುವುದಿಲ್ಲ. ಎರಡು, ಗೆಳೆಯ ಸಿಲುಕಿದಾಗ ಹಿಂದೆಮುಂದೆ ನೋಡದೆ ಇಳಿಯುವಂತಾಗುತ್ತದೆ. 2011ರ ಫೆಬ್ರವರಿಯಲ್ಲಿ ಇದೇ ಗುಹೆಯ ಬೇರೊಂದು ಕೂಪದಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು ಜಲಪಾತದಡಿ ಹಗ್ಗಕ್ಕೆ ಸಿಲುಕಿ ಚಳಿಗೆ ಸತ್ತರು. ಒಬ್ಬನ ನೆರವಿಗೆಂದೇ ಇನ್ನೊಬ್ಬ ಇಳಿದಿದ್ದ. ಅವನ ಪ್ರೀತಿಯನ್ನು ಯಾರೂ ಪ್ರಶ್ನಿಸಲಾರರು. ಆದರೆ ಆ ನೀರಿನ ಎದುರು ಪ್ರೀತಿಯೊಂದೇ ಸಾಲಲಿಲ್ಲ.

ಹಾಗಾದರೆ ಒಂಟಿಯಾಗಿ ಹೋಗಬೇಕೇ? ಅದು ಇನ್ನೂ ದೊಡ್ಡ ಮೂರ್ಖತನ. ಕಾಲು ಉಳುಕಿದರೂ ಸುದ್ದಿ ಮುಟ್ಟಿಸುವವರಿರುವುದಿಲ್ಲ. ತಂಡ ಬೇಕು, ಆದರೆ ತಂಡಕ್ಕೆ ಕಟ್ಟಳೆಯೂ ಬೇಕು. ಕೂಪದಷ್ಟೇ ಉದ್ದದ ಹಗ್ಗವನ್ನು ಹೊರಗೆ ಹತ್ತಿ ತೋರಿಸದವರು ಒಳಗೆ ಇಳಿಯಬಾರದು. ತಂಡದ ವೇಗವನ್ನು ತೀರಾ ನಿಧಾನದವನೇ ನಿರ್ಧರಿಸಬೇಕು. ಮರಳುವ ಹೊತ್ತು ಹೊರಗಿನ ಒಬ್ಬರಿಗೆ ತಿಳಿದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಬೇಕಾದರೂ ಕಾರಣ ಹೇಳದೆ ‘ಇವತ್ತು ಬೇಡ’ ಎನ್ನುವಂತಿರಬೇಕು.

ಹಗ್ಗಕ್ಕೆ ಕೊಂಡಿ ಹಾಕುವ ಮುನ್ನ ಗೆಳೆಯರನ್ನು ಒಂದು ಮಾತು ಕೇಳಿ: ಈಗ ನಾನು ಹಿಂದೆ ಸರಿದರೆ ನಗುತ್ತೀರಾ? ನಗುವವರಾದರೆ ಅವರ ಜೊತೆ ಸಿನಿಮಾಕ್ಕೆ ಹೋಗಿ, ಗುಹೆಗೆ ಬೇಡ.